ಒಕ್ಕಣ್ಣನ ಹೊಳೆ

ಲಕ್ಷ್ಮೀಶನ ಜೈಮಿನಿ ಭಾರತ ಓದಿದವರಿಗೆ ಪ್ರಮೀಳೆಯ ಸ್ತ್ರೀರಾಜ್ಯ ಗೊತ್ತೇ ಇದೆ. ಗ್ರೀಕರಿಗೂ ಅಂಥದೊಂದು ರಾಜ್ಯವಿತ್ತು. ಕಪ್ಪು ಸಮುದ್ರದ ದಕ್ಷಿಣ ದಡದಲ್ಲಿ, ಥರ್ಮೋಡಾನ್ ನದಿಯ ಬಳಿ, ಅಮೆಜಾನರೆಂಬ ವೀರವನಿತೆಯರು ಇದ್ದರೆಂದು ಅವರ ನಂಬಿಕೆ. ಪ್ರಮೀಳೆ ಅರ್ಜುನನ ಕೈಹಿಡಿದಳು. ಅಮೆಜಾನರ ರಾಣಿ ಪೆಂಥೆಸಿಲಿಯಾ ಟ್ರಾಯ್ ಯುದ್ಧದಲ್ಲಿ ಅಕಿಲಿಸನ ಕೈಯಲ್ಲಿ ಸತ್ತಳು. ಈ ಕಥೆಯ ಹೆಸರು ಸಮುದ್ರ ದಾಟಿ ಹೋಗಿ ಒಂದು ಮಹಾನದಿಗೆ ಅಂಟಿಕೊಂಡದ್ದು ಒಬ್ಬ ಒಕ್ಕಣ್ಣನ ದೆಸೆಯಿಂದ.

ಅವನೇ ಫ್ರಾನ್ಸಿಸ್ಕೊ ದೆ ಒರೆಯಾನ. ಸುಮಾರು 1511ರಲ್ಲಿ ಸ್ಪೇನಿನ ಟ್ರೂಹಿಯೋ ಊರಿನಲ್ಲಿ ಹುಟ್ಟಿದವನು. ಮೀಸೆ ಚಿಗುರುವ ಮೊದಲೇ ಹಡಗು ಹತ್ತಿ ಅಮೆರಿಕ ಸೇರಿದ. ಅಲ್ಲಿನ ಕಾಳಗಗಳಲ್ಲಿ ಒಂದು ಕಣ್ಣು ಹೋಯಿತು. 1541ರಲ್ಲಿ ಗೊನ್ಸಾಲೊ ಪಿಸಾರೊ ಎಂಬ ಸರದಾರ ದಾಲ್ಚಿನ್ನಿಯ ಕಾಡನ್ನೂ ಚಿನ್ನದ ನಾಡನ್ನೂ ಹುಡುಕಿ ಕೀಟೊ ನಗರದಿಂದ ಹೊರಟಾಗ ಒರೆಯಾನನೂ ಜೊತೆಗೂಡಿದ. ಹೊರೆ ಹೊರಲು ಹಿಡಿದೊಯ್ದ ಸಾವಿರಾರು ಮೂಲನಿವಾಸಿಗಳು ಚಳಿಗೂ ಹಸಿವಿಗೂ ಸತ್ತರು. ಚಿನ್ನ ಸಿಗಲಿಲ್ಲ, ಅನ್ನವೂ ಮುಗಿಯಿತು. ಕುದುರೆ, ನಾಯಿಗಳನ್ನೂ ಕೊಂದು ತಿಂದರು.

ಆ ವರ್ಷದ ಡಿಸೆಂಬರಿನಲ್ಲಿ ಒರೆಯಾನ ಐವತ್ತೇಳು ಮಂದಿಯೊಡನೆ, ಆಹಾರ ತರುತ್ತೇನೆಂದು ನಾಪೊ ಹೊಳೆಯಲ್ಲಿ ದೋಣಿ ಬಿಟ್ಟ. ತಿರುಗಿ ಬರಲೇ ಇಲ್ಲ. ಸೆಳವು ಅಷ್ಟು ಜೋರಾಗಿತ್ತು, ಹಿಂದಿರುಗುವುದು ಸಾಧ್ಯವೇ ಇರಲಿಲ್ಲ ಎಂಬುದು ಅವನ ವಾದ. ಜೊತೆಗಾರರೂ ಹಿಂದೆ ಹೋಗಬಾರದೆಂದು ಬರೆದು ರುಜು ಹಾಕಿದ್ದರು. ಕಾಡಿನಲ್ಲಿ ಕಾದು ಕಾದು ಸೋತ ಪಿಸಾರೊ ಮಾತ್ರ ಇವನು ದ್ರೋಹಿ ಎಂದು ರಾಜನಿಗೆ ದೂರು ಬರೆದ. ಯಾರದು ಸರಿ? ಅದಕ್ಕೆ ಇವತ್ತಿಗೂ ಎರಡು ಉತ್ತರಗಳಿವೆ.

ಚಕ್ಕಳದ ಪಟ್ಟಿ, ಬೂಟಿನ ಅಟ್ಟೆಗಳನ್ನು ಸೊಪ್ಪಿನ ಜೊತೆ ಬೇಯಿಸಿ ತಿಂದು ಅವರು ದೊಡ್ಡ ನದಿಗೆ ಇಳಿದರು. 1542ರ ಜೂನ್ 24ರಂದು ದಡದ ಜನ ಬಾಣಗಳ ಮಳೆ ಸುರಿಸಿದರು. ಮುಂದೆ ನಿಂತು ಗಂಡಸರನ್ನು ಹುರಿದುಂಬಿಸಿ ಕಾದಿದವರು ಹತ್ತು ಹನ್ನೆರಡು ಹೆಂಗಸರು ಎಂದು ಜೊತೆಯಲ್ಲಿದ್ದ ಪಾದ್ರಿ ಕಾರ್ವಹಾಲ್ ಬರೆದಿಟ್ಟ. ಆ ಪಾದ್ರಿಗೂ ಮುಂದಿನ ಕಾಳಗವೊಂದರಲ್ಲಿ ಬಾಣ ತಗುಲಿ ಒಂದು ಕಣ್ಣು ಹೋಯಿತು! ಸ್ಪೇನಿನವರಿಗೆ ನೆನಪಾದದ್ದು ಹಳೆಯ ಗ್ರೀಕ್ ಕಥೆ. ತಮ್ಮ ದಡ ಉಳಿಸಿಕೊಳ್ಳಲು ಹೋರಾಡಿದ ಹೆಂಗಸರಿಗೆ ಹೀಗೆ ಪರದೇಶದ ಹೆಸರು ಬಿತ್ತು.

ಆಗಸ್ಟ್ 26ಕ್ಕೆ ಅವರು ಸಮುದ್ರ ಕಂಡರು. ಒರೆಯಾನ ಸ್ಪೇನಿಗೆ ಮರಳಿ, ದ್ರೋಹದ ಆಪಾದನೆಯನ್ನು ದಾಟಿ, ಆ ಸೀಮೆಯ ಗವರ್ನರ್ ಪದವಿ ಪಡೆದ. 1545ರಲ್ಲಿ ಸಾಲಸೋಲ ಮಾಡಿ ನಾಲ್ಕು ಹಡಗು ಕಟ್ಟಿಕೊಂಡು ಮತ್ತೆ ಹೊರಟ. ಆದರೆ ಪಾಪ, ತಾನು ಕಂಡ ನದಿಯ ಮುಖ್ಯ ಕವಲೇ ಅವನಿಗೆ ಸಿಗಲಿಲ್ಲ. 1546ರಲ್ಲಿ ಅಲ್ಲೇ ತೀರಿಕೊಂಡ. ಬದುಕಿ ಬಂದ ಕೆಲವೇ ಜನರಲ್ಲಿ ಅವನ ಹೆಂಡತಿ ಆನಾ ಒಬ್ಬಳು.

ಕೆಲಕಾಲ ಆ ನದಿಯನ್ನು ಒರೆಯಾನನ ಹೊಳೆ ಎಂದೂ ಕರೆದದ್ದುಂಟು. ಅದು ಉಳಿಯಲಿಲ್ಲ. 1995ರಲ್ಲಿ ಅಮೆರಿಕದ ಪುಸ್ತಕ ವ್ಯಾಪಾರಿಯೊಬ್ಬ ತನ್ನ ಅಂಗಡಿಗೆ ಇಟ್ಟದ್ದೂ ಆ ಹೆಂಗಸರ ಹೆಸರನ್ನೇ. ಕಪ್ಪು ಸಮುದ್ರದ ಉತ್ತರದ ಬಯಲುಗಳಲ್ಲಿ ಈಟಿ ಬಾಣಗಳೊಡನೆ ಹೂಳಿದ ಹೆಂಗಸರ ಸಮಾಧಿಗಳು ಸಿಕ್ಕಿವೆ. ಗ್ರೀಕರ ಕಥೆ ಪೂರ್ತಿ ಕಟ್ಟುಕಥೆಯೇನಲ್ಲ. ನದಿಯ ಉದ್ದಕ್ಕೂ ಹೋಗಿ ಬಂದವನ ಹೆಸರು ಅಳಿಸಿತು. ಒಂದು ದಿನ ದಡದಲ್ಲಿ ನಿಂತು ಅವನನ್ನು ತಡೆದವರ ನೆನಪು ಮಾತ್ರ ಉಳಿಯಿತು, ಅದೂ ಅವರದಲ್ಲದ ಹೆಸರಿನಲ್ಲಿ.