ಜೋಜಿಲಾ ಗೆದ್ದ ನಮ್ಮ ಜನರಲ್ ದೆಹಲಿಯಲ್ಲಿ ಸೋತರೇ?

ಮಡಿಕೇರಿಗೆ ಬಸ್ಸಿನಲ್ಲಿ ಹೋಗಿ ಬರುವವರಿಗೆಲ್ಲ ಜನರಲ್ ತಿಮ್ಮಯ್ಯ ವೃತ್ತ ಗೊತ್ತು. 2023ರ ಆಗಸ್ಟ್‌ನಲ್ಲಿ ಬಸ್ಸೊಂದು ಗುದ್ದಿ ಅಲ್ಲಿನ ಪ್ರತಿಮೆ ನೆಲಕ್ಕುರುಳಿದ್ದೂ ಗೊತ್ತು. ದುರಸ್ತಿ ಮಾಡಿ ಮತ್ತೆ ನಿಲ್ಲಿಸಿದ್ದಾಯಿತು. ಬೆಂಗಳೂರಿನ ರಿಚ್‌ಮಂಡ್ ರಸ್ತೆಗೂ ಇವರದೇ ಹೆಸರು. ಆದರೆ ಕಂಡಕ್ಟರಿಂದ ಹಿಡಿದು ಅಂಗಡಿಯವರ ತನಕ ಯಾರೂ ಹಾಗೆ ಕರೆಯೋದಿಲ್ಲ, ಆ ಮಾತು ಬೇರೆ. ಅಷ್ಟಕ್ಕೂ ಈ ಮಹಾನುಭಾವರು ಮಾಡಿದ್ದೇನು ಅಂತ ಯಾರನ್ನಾದರೂ ಕೇಳಿ ನೋಡಿ. ಅರ್ಧ ಜನ ಕಾರ್ಯಪ್ಪನವರ ಕಥೆ ಶುರು ಮಾಡುತ್ತಾರೆ! ಕಾರ್ಯಪ್ಪನವರು 1949ರಲ್ಲಿ ಸೈನ್ಯದ ಮೊದಲ ಭಾರತೀಯ ಮಹಾದಂಡನಾಯಕರಾದವರು. ತಿಮ್ಮಯ್ಯನವರು ಆ ಕುರ್ಚಿಗೆ ಬಂದದ್ದು 1957ರಲ್ಲಿ. ಇಬ್ಬರೂ ಕೊಡಗಿನವರು, ಅಷ್ಟೇ.

ಕೊಡಂದೇರ ಮನೆತನ. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ್ದು. ಕಾಫಿ ತೋಟದ ಅನುಕೂಲಸ್ಥರು. ಮನೆಯಲ್ಲಿ ಇಟ್ಟ ಹೆಸರು ಸುಬ್ಬಯ್ಯ. ತಂದೆಯ ಹೆಸರು ತಿಮ್ಮಯ್ಯ. ಶಾಲೆ ಸೇರಿದ ಮೇಲೆ ಅದು ಹೇಗೋ ಅಪ್ಪನ ಹೆಸರೇ ಮಗನಿಗೆ ಅಂಟಿಕೊಂಡಿತು. ಮುಂದೆ ಮಿಲಿಟರಿಯವರ ಬಾಯಲ್ಲಿ ಅದೂ ಸವೆದು ಟಿಮ್ಮಿ ಆಯಿತು. ಕೂನೂರು, ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಡೆಹ್ರಾಡೂನಿನ ಮಿಲಿಟರಿ ಕಾಲೇಜು, ಕೊನೆಗೆ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1926ರಲ್ಲಿ ಅಧಿಕಾರಿಯಾಗಿ ಸೇರ್ಪಡೆ. 19ನೇ ಹೈದರಾಬಾದ್ ರೆಜಿಮೆಂಟಿನ 4ನೇ ಬೆಟಾಲಿಯನ್ ಪಾಲಿಗೆ ಬಂತು. ಈಗಿನ ಕುಮಾವೂಂ ರೆಜಿಮೆಂಟು ಅಂದರೆ ಇದೇ.

ಆ ಕಾಲದ ಬಿಳಿಯರ ಲೆಕ್ಕಾಚಾರ ಸ್ವಲ್ಪ ತಿಳಿದಿರಬೇಕು. ಭಾರತೀಯ ಅಧಿಕಾರಿಗಳಿಗೆ ಎಂದು ಮೊದಲಿಗೆ ಎಂಟೇ ಪಟಾಲಂಗಳನ್ನು ಗುರುತು ಮಾಡಿಟ್ಟಿದ್ದರು. ಯಾಕೆಂದರೆ ಕರಿಯನ ಕೈಕೆಳಗೆ ಬಿಳಿಯ ಕೆಲಸ ಮಾಡುವ ಪ್ರಸಂಗ ಬರಬಾರದು! ತಿಮ್ಮಯ್ಯನವರದು ಆ ಎಂಟರಲ್ಲೊಂದು. ಭಾರತೀಯನಿಗೆ ಯುದ್ಧದಲ್ಲಿ ಪಟಾಲಂ ನಡೆಸುವ ಯೋಗ್ಯತೆ ಇದೆಯೇ ಎಂಬ ಅನುಮಾನ ಸರ್ಕಾರಕ್ಕೆ ಕಡೇತನಕ ಇತ್ತು.

1935ರಲ್ಲಿ ನೀನಾ ಅವರೊಡನೆ ಮದುವೆ. ಅದೇ ವರ್ಷ ಕ್ವೆಟ್ಟಾದಲ್ಲಿ ಭೂಕಂಪ. ದಂಪತಿಗಳು ಅಲ್ಲೇ ಇದ್ದರು. ಗಾಯಾಳುಗಳ ಸೇವೆಗಾಗಿ ನೀನಾ ಅವರಿಗೆ ಕೈಸರ್-ಎ-ಹಿಂದ್ ಪದಕ ಬಂತು.

ಕಂಗಾವ್‌ನ ಮೂವರು

ಸರ್ಕಾರದ ಅನುಮಾನ ತೀರಿದ್ದು ಬರ್ಮಾದಲ್ಲಿ. 1945ರ ಜನವರಿ. ಅರಕಾನ್ ಕರಾವಳಿಯಲ್ಲಿ ಹಿಂದೆ ಸರಿಯುತ್ತಿದ್ದ ಜಪಾನೀಯರಿಗೆ ಕಂಗಾವ್ ಎಂಬಲ್ಲಿ ದಾರಿ ಕಟ್ಟಬೇಕಿತ್ತು. ಕೆಸರು, ಕಾಂಡ್ಲಾ ಕಾಡು, ಗುಡ್ಡ. ಅಲ್ಲಿ ಕಾದಿದ 51ನೇ ಬ್ರಿಗೇಡಿನ ಮೂರು ಪಟಾಲಂಗಳಿಗೂ ಭಾರತೀಯರೇ ಮುಖ್ಯಸ್ಥರು: ತಿಮ್ಮಯ್ಯ, ಮರಾಠಿಗ ತೋರಾಟ್, ಬಂಗಾಳಿ ಸೇನ್. ಮೂವರಿಗೂ ಡಿ.ಎಸ್.ಓ. ಪದಕ. ಬ್ರಿಟಿಷ್ ಸೈನ್ಯದಲ್ಲಿ ಅದು ಸಣ್ಣ ಪದಕವಲ್ಲ. ಈ ತೋರಾಟ್ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಆಮೇಲೆ ತಿಮ್ಮಯ್ಯನವರಿಗೆ ಬ್ರಿಗೇಡೇ ಸಿಕ್ಕಿತು. ಆ ಮಹಾಯುದ್ಧದ ರಣರಂಗದಲ್ಲಿ ಇನ್‌ಫೆಂಟ್ರಿ ಬ್ರಿಗೇಡ್ ನಡೆಸಿದ ಭಾರತೀಯ ಇವರೊಬ್ಬರೇ.

ಅತ್ತ ಅಣ್ಣ ಪೊನ್ನಪ್ಪನವರು ಸಿಂಗಪುರದಲ್ಲಿ ಜಪಾನೀಯರಿಗೆ ಸೆರೆಸಿಕ್ಕು ನೇತಾಜಿಯ ಆಜಾದ್ ಹಿಂದ್ ಫೌಜ್ ಸೇರಿದ್ದರು. ಒಂದೇ ಮನೆ, ಒಬ್ಬ ಇತ್ತ, ಒಬ್ಬ ಅತ್ತ. ತಮ್ಮ ಸೋಮಯ್ಯನವರೂ ಸೈನ್ಯದಲ್ಲೇ. ಅವರನ್ನು ಮುಂದೆ ಕಾಶ್ಮೀರ ಯುದ್ಧ ನುಂಗಿತು.

ಹಿಮದಲ್ಲಿ ಟ್ಯಾಂಕು

1947ರಲ್ಲಿ ಪಂಜಾಬ್ ಹತ್ತಿ ಉರಿಯುತ್ತಿದ್ದಾಗ ಗಡಿ ಕಾಯುವ ಜಂಟಿ ಪಡೆಯಲ್ಲಿ ಭಾರತದ ಪರ ಸಲಹೆಗಾರರಲ್ಲಿ ತಿಮ್ಮಯ್ಯನವರೊಬ್ಬರು. ಪಾಕಿಸ್ತಾನದ ಪರ ಕೂತವರಲ್ಲಿ ಒಬ್ಬರು ಅಯೂಬ್ ಖಾನ್. ಇದನ್ನೂ ನೆನಪಿಡಿ.

1948ರ ಬೇಸಿಗೆಗೆ ಇವರು ಕಾಶ್ಮೀರದಲ್ಲಿ ಡಿವಿಜನ್ ಮುಖ್ಯಸ್ಥರು. ದ್ರಾಸ್, ಕಾರ್ಗಿಲ್ ಶತ್ರುಗಳ ಕೈಗೆ ಬಿದ್ದವು, ಜೋಜಿಲಾವೂ ಹೋಯಿತು. ಶ್ರೀನಗರದಿಂದ ಲೇಹ್‌ಗೆ ದಾರಿ ಬಂದ್. ಅಲ್ಲಿನ ಬೆರಳೆಣಿಕೆಯ ಸೈನಿಕರ ಗತಿ? ಸೋನಂ ನೋರ್ಬು ಎಂಬ ಲಡಾಖಿ ಎಂಜಿನಿಯರ್ ಸಿಂಧೂ ನದಿ ದಡದಲ್ಲಿ ಹೇಗೋ ಒಂದು ರನ್‌ವೇ ಮಾಡಿಸಿದ್ದರು. 11,000 ಅಡಿಗೂ ಎತ್ತರದ ಜಾಗ. ಮೇ 24ರಂದು ಏರ್ ಕಮೊಡೋರ್ ಮೆಹರ್ ಸಿಂಗ್ ಡಕೋಟಾ ವಿಮಾನವನ್ನು ಅಲ್ಲಿ ಇಳಿಸಿಯೇಬಿಟ್ಟರು. ಅಷ್ಟು ಎತ್ತರದ ಹಾರಾಟಕ್ಕೆ ತಕ್ಕ ಸಾಧನಗಳೇ ವಿಮಾನದಲ್ಲಿರಲಿಲ್ಲ. ಹಾಗಿದ್ದೂ ಅದರಲ್ಲಿ ಕೂತು ಹೋದವರು ಸ್ವತಃ ಜನರಲ್ ತಿಮ್ಮಯ್ಯ. ಕೈಕೆಳಗಿನವರನ್ನು ಕಳಿಸಿ ಶ್ರೀನಗರದಲ್ಲಿ ಚಹಾ ಕುಡಿಯುತ್ತ ಕೂತಿದ್ದರೂ ಯಾರೂ ಕೇಳುತ್ತಿರಲಿಲ್ಲ.

ಲೇಹ್ ಉಳಿಯಿತು. ಆದರೆ ದಾರಿ ತೆರೆಯಬೇಕಲ್ಲ? ಸೆಪ್ಟೆಂಬರ್‌ನಲ್ಲಿ ಕಾಲಾಳುಗಳು ಜೋಜಿಲಾ ಏರಲು ಹೋಗಿ ಪೆಟ್ಟು ತಿಂದು ಬಂದರು. ಮೇಲೆ ಬಂಡೆ ಮರೆಯಲ್ಲಿ ಮೆಷಿನ್‌ಗನ್ನು. ಕೆಳಗಿನವನಿಗೆ ಅಡಗಲೂ ಜಾಗವಿಲ್ಲ. ಆಗ ಹೊಳೆದದ್ದು ಟ್ಯಾಂಕಿನ ಉಪಾಯ. ನಮ್ಮ ಸಂಪಾಜೆ ಘಾಟಿಯಲ್ಲಿ ಮಳೆಗಾಲದಲ್ಲಿ ಲಾರಿ ಹತ್ತಿಸುವುದಕ್ಕೇ ಡ್ರೈವರುಗಳು ದೇವರ ಹೆಸರು ಹೇಳುತ್ತಾರೆ. ಜೋಜಿಲಾ ಅಂದರೆ 11,500 ಅಡಿ ಎತ್ತರ, ಹಿಮ, ಇದ್ದದ್ದು ಹೇಸರಗತ್ತೆ ಹೋಗುವ ಕಾಲುದಾರಿ!

ಆ ಕಾಲುದಾರಿಯನ್ನು ಗುಂಡಿನ ನಡುವೆ ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್. ಬೆಂಗಳೂರಿನ ಹಲಸೂರು ಕೆರೆ ಪಕ್ಕ ಇವರ ಕೇಂದ್ರವನ್ನು ನೀವೂ ಬಸ್ಸಿನಿಂದ ನೋಡಿರಬಹುದು. 7ನೇ ಕ್ಯಾವಲ್ರಿಯ ಹಗುರ ಟ್ಯಾಂಕುಗಳನ್ನು ಜಮ್ಮು ಕಡೆಯಿಂದ ತರಬೇಕಿತ್ತು. ದಾರಿಯ ಸೇತುವೆಗಳು ಭಾರ ತಡೆಯುವಂಥವಲ್ಲ. ಟ್ಯಾಂಕಿನ ಮೇಲಿನ ತೋಪುಗೂಡು ಬಿಚ್ಚಿ ಬೇರೆ ಸಾಗಿಸಿದರು. ಶ್ರೀನಗರ ದಾಟುವಾಗ ಯಾರ ಕಣ್ಣಿಗೂ ಬೀಳದಿರಲೆಂದು ಊರಿಗೇ ಕರ್ಫ್ಯೂ ಹಾಕಿದರು. ಹಿಮ ಬಿದ್ದು ದಿನ ಮುಂದೆ ಹೋಯಿತು. ಕಡೆಗೆ ನವೆಂಬರ್ 1ರಂದು ಟ್ಯಾಂಕುಗಳು ಘಾಟಿ ಹತ್ತಿದವು. ಎಲ್ಲಕ್ಕಿಂತ ಮುಂದಿನ ಟ್ಯಾಂಕಿನಲ್ಲಿ ಯಾರಿದ್ದರು ಅಂತೀರಿ? ಡಿವಿಜನ್ ಮುಖ್ಯಸ್ಥ ತಿಮ್ಮಯ್ಯ! ಮೇಜರ್ ಜನರಲ್ ಕೂರುವ ಜಾಗವೇ ಅಲ್ಲ ಅದು. ಅಷ್ಟು ಎತ್ತರಕ್ಕೆ ಟ್ಯಾಂಕು ಬರುತ್ತದೆಂದು ಶತ್ರು ಕನಸಿನಲ್ಲೂ ಎಣಿಸಿರಲಿಲ್ಲ. ಕಾಲಿಗೆ ಬುದ್ಧಿ ಹೇಳಿದ. ತಿಂಗಳು ಮುಗಿಯುವುದರೊಳಗೆ ದ್ರಾಸ್, ಕಾರ್ಗಿಲ್ ಎರಡೂ ವಾಪಸ್. 1999ರಲ್ಲಿ ಕಾರ್ಗಿಲ್‌ಗೆ ನಮ್ಮ ಸೈನ್ಯ ಓಡಿದ್ದೂ ಇದೇ ಜೋಜಿಲಾ ದಾರಿಯಲ್ಲಿ.

ಕೊರಿಯಾದ ಕೆಲಸ ಇನ್ನೊಂದು ಬಗೆಯದು. 1953ರಲ್ಲಿ ಯುದ್ಧ ನಿಂತಾಗ ಊರಿಗೆ ಮರಳಲು ಒಲ್ಲೆನೆಂದ ಸುಮಾರು 23,000 ಸೆರೆಯಾಳುಗಳು ಉಳಿದಿದ್ದರು. ಹೆಚ್ಚಿನವರು ಚೀನೀಯರು. ಅವರ ಹಣೆಬರಹ ತೀರ್ಮಾನಿಸಲು ಐದು ತಟಸ್ಥ ದೇಶಗಳ ಆಯೋಗ. ಅಧ್ಯಕ್ಷರು ತಿಮ್ಮಯ್ಯ. ಕಾವಲಿಗೆ ಹೋದ ಭಾರತದ ಪಡೆಗೆ ಅದೇ ತೋರಾಟ್ ನಾಯಕ. ಆಯೋಗದೊಳಗೇ ಪೋಲೆಂಡ್, ಚೆಕೊಸ್ಲೊವಾಕಿಯಾ ಒಂದು ಕಡೆ, ಸ್ವೀಡನ್, ಸ್ವಿಟ್ಜರ್ಲೆಂಡ್ ಇನ್ನೊಂದು ಕಡೆ. ಎರಡೂ ಕಡೆಯವರ ಬೈಗುಳ ಇವರಿಗೇ. ಬಲವಂತದಿಂದ ಯಾರನ್ನೂ ಊರಿಗೆ ಅಟ್ಟಲಿಲ್ಲ, ಅದು ದೊಡ್ಡದು. ಎಲ್ಲಿಗೂ ಹೋಗಲೊಲ್ಲದ ಎಂಬತ್ತು ಚಿಲ್ಲರೆ ಮಂದಿ ಭಾರತದ ಪಡೆಯ ಜೊತೆ ಇಲ್ಲಿಗೇ ಬಂದರು. 1954ರಲ್ಲಿ ಪದ್ಮಭೂಷಣ.

ಒಂದು ರಾಜೀನಾಮೆ

1957ರಲ್ಲಿ ಇವರಿಗಿಂತ ಹಿರಿಯರಾದ ಇಬ್ಬರನ್ನು ದಾಟಿಸಿ ನೆಹರೂ ಸರ್ಕಾರ ಇವರನ್ನು ದಂಡನಾಯಕರನ್ನಾಗಿ ಮಾಡಿತು. ರಕ್ಷಣಾ ಮಂತ್ರಿ ಕೃಷ್ಣ ಮೆನನ್. ಮೊದಮೊದಲು ಸರಿಯಾಗಿಯೇ ಇತ್ತು. ಆಮೇಲೆ ಬಡ್ತಿಯ ತಕರಾರು. ಮುಖ್ಯವಾಗಿ ಬಿ.ಎಂ. ಕೌಲ್. ಮಂತ್ರಿಗೂ ಪ್ರಧಾನಿಗೂ ಬೇಕಾದವರು; ಯುದ್ಧದಲ್ಲಿ ಪಟಾಲಂ ನಡೆಸಿದವರಲ್ಲ. ತಾನೂ ಇಬ್ಬರನ್ನು ದಾಟಿ ಬಂದವರೇ ಅಲ್ಲವೇ ಅಂತ ಯಾರಾದರೂ ಕೇಳಬಹುದು. ನಿಜ. ಆದರೆ ಇವರ ಬೆನ್ನಿಗೆ ಕಂಗಾವ್ ಇತ್ತು, ಜೋಜಿಲಾ ಇತ್ತು.

1959ರ ಆಗಸ್ಟ್ 25ರಂದು ಈಶಾನ್ಯ ಗಡಿಯ ಲೋಂಗ್ಜುವಿನಲ್ಲಿ ಚೀನೀಯರು ಗುಂಡು ಹಾರಿಸಿದರು. ಅದೇ ವಾರ ಮಂತ್ರಿಗೂ ದಂಡನಾಯಕರಿಗೂ ಜಟಾಪಟಿ. ಆಗಸ್ಟ್ 31ರಂದು ತಿಮ್ಮಯ್ಯನವರು ರಾಜೀನಾಮೆ ಬರೆದುಕೊಟ್ಟರು. ನೆಹರೂ ಕರೆಸಿ ಮಾತಾಡಿ ವಾಪಸ್ ತೆಗೆದುಕೊಳ್ಳುವಂತೆ ಒಪ್ಪಿಸಿದರು. ಅಷ್ಟರಲ್ಲಿ ಸುದ್ದಿ ಹೊರಬಿದ್ದು ದೇಶವೆಲ್ಲ ಗುಲ್ಲು. ವಿಚಿತ್ರ ನೋಡಿ, ಸೆಪ್ಟೆಂಬರ್ 1ರಂದು ದೆಹಲಿಯ ಪಾಲಂನಲ್ಲಿ ಇಳಿದು ನೆಹರೂ ಜೊತೆ ಮಾತಾಡಿ ಹೋದವರು ಅದೇ ಅಯೂಬ್ ಖಾನ್. ಹಿಂದಿನ ವರ್ಷವಷ್ಟೇ ಪಾಕಿಸ್ತಾನದ ಗದ್ದುಗೆ ಹಿಡಿದಿದ್ದ ದಂಡನಾಯಕ! ಇಂಥ ಹೊತ್ತಿನಲ್ಲಿ ಇಲ್ಲಿನ ದಂಡನಾಯಕ ಮುನಿಸಿಕೊಂಡಿದ್ದಾರೆ ಅಂದರೆ ದೆಹಲಿಯವರ ಎದೆ ಡವಡವ ಅನ್ನದೆ ಇರುತ್ತದೆಯೇ? ಮರುದಿನ ನೆಹರೂ ಲೋಕಸಭೆಯಲ್ಲಿ ಇದೇನೂ ದೊಡ್ಡ ವಿಷಯವಲ್ಲ, ಸ್ವಭಾವಗಳ ತಿಕ್ಕಾಟ ಎಂಬಂತೆ ಮಾತಾಡಿದರು. ಜನರಲ್ ಮೇಲೂ ಒಂದೆರಡು ಮಾತು ಬಿತ್ತು. ಮಂತ್ರಿ ಅಲ್ಲೇ ಉಳಿದರು. ಕೌಲ್ ಇನ್ನೂ ಮೇಲೇರಿದರು.

ಕೊಡಬಾರದಿತ್ತು, ಕೊಟ್ಟ ಮೇಲೆ ಹಿಂತೆಗೆಯಬಾರದಿತ್ತು ಎನ್ನುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ನನಗೂ ಹಾಗೇ ಅನ್ನಿಸುತ್ತದೆ. ಹೊರನಡೆದಿದ್ದರೆ ಗಡಿಯ ಸ್ಥಿತಿ 1959ರಲ್ಲೇ ಊರೂರಿನ ಚಾವಡಿಯ ಮಾತಾಗುತ್ತಿತ್ತು. ಆದರೆ ಪ್ರಧಾನಿ ಎದುರು ನಿಂತು ಬೇಡ ಅಂದಾಗ ಸಿಪಾಯಿಗಿರಿ ಕಲಿತವನು ಏನು ಮಾಡಬೇಕು? ಅಯೂಬ್ ಖಾನ್ ಆಗಲು ಇವರು ಹೊರಟಿರಲಿಲ್ಲ. ಚುನಾಯಿತ ಸರ್ಕಾರದ ಮಾತಿಗೆ ತಲೆಬಾಗಿದರು. ಅದಕ್ಕೆ ತೆತ್ತದ್ದು ತಮ್ಮ ಮಾತಿನ ಬೆಲೆಯನ್ನು.

ತಮ್ಮ ನಂತರ ತೋರಾಟ್ ಬರಲಿ ಎಂದು ಶಿಫಾರಸು ಮಾಡಿದರು. ಚೀನಾ ಮೇಲೆ ಬಿದ್ದರೆ ಏನಾದೀತು ಎಂಬುದನ್ನು ತೋರಾಟ್ 1960ರಲ್ಲೇ ಸೈನ್ಯದ ಅಭ್ಯಾಸವೊಂದರಲ್ಲಿ ಲೆಕ್ಕಹಾಕಿ ತೋರಿಸಿದ್ದರು. ಸರ್ಕಾರ ಥಾಪರ್ ಅವರನ್ನು ಆರಿಸಿತು. 1961ರ ಮೇ ತಿಂಗಳಲ್ಲಿ ತಿಮ್ಮಯ್ಯ ನಿವೃತ್ತರಾದರು. 1962ರ ಅಕ್ಟೋಬರ್‌ನಲ್ಲಿ ಏನಾಯಿತೆಂದು ನಿಮಗೆ ಹೇಳಬೇಕಿಲ್ಲ. ಮೆನನ್ ಹೋದರು, ಥಾಪರ್ ಹೋದರು, ಕೌಲ್ ಹೋದರು. ಹಿಮದಲ್ಲಿ ಸತ್ತ ಸಿಪಾಯಿಗಳು ಮಾತ್ರ ಯಾರ ಬಡ್ತಿ ಪಟ್ಟಿಯಲ್ಲೂ ಇದ್ದವರಲ್ಲ.

ಮಡಿಕೇರಿಗೆ ಮರಳಿದವರನ್ನು ವಿಶ್ವಸಂಸ್ಥೆ ಸುಮ್ಮನಿರಗೊಡಲಿಲ್ಲ. ಸೈಪ್ರಸ್ ದ್ವೀಪದಲ್ಲಿ ಗ್ರೀಕರಿಗೂ ತುರ್ಕರಿಗೂ ಹೊಡೆದಾಟ. 1964ರಲ್ಲಿ ಅಲ್ಲಿನ ಶಾಂತಿಪಡೆಯ ಮುಖ್ಯಸ್ಥರಾಗಿ ಹೋದರು. 1965ರ ಡಿಸೆಂಬರ್ 18ರಂದು ಅಲ್ಲೇ ಹೃದಯಾಘಾತ. ವಯಸ್ಸು 59. ಬೆಂಗಳೂರಿಗೆ ಬಂದದ್ದು ಪಾರ್ಥಿವ ಶರೀರ. ಮರುವರ್ಷ ಸೈಪ್ರಸ್ ಸರ್ಕಾರ ಅವರ ಚಿತ್ರದ ಅಂಚೆಚೀಟಿ ತಂದಿತು.

ಇತ್ತ ಮಡಿಕೇರಿಯ ಅವರ ಮನೆ ಸನ್ನಿಸೈಡ್ ವರ್ಷಗಟ್ಟಲೆ ಆರ್.ಟಿ.ಓ. ಆಫೀಸಾಗಿತ್ತು. ಲೈಸೆನ್ಸಿಗೆ ಅಲ್ಲಿ ಕ್ಯೂ ನಿಂತ ಡ್ರೈವರುಗಳು ನಮ್ಮ ಓದುಗರಲ್ಲೂ ಇದ್ದಾರು. 2021ರ ಫೆಬ್ರವರಿ 6ರಂದು ರಾಷ್ಟ್ರಪತಿ ಕೋವಿಂದ್ ಬಂದು ಅದನ್ನು ಮ್ಯೂಸಿಯಂ ಎಂದು ತೆರೆದರು. ಮುಂದಿನ ಸಲ ಮಡಿಕೇರಿಯಲ್ಲಿ ಬಸ್ಸಿಗೆ ಒಂದು ಗಂಟೆ ಕಾಯಬೇಕಾಗಿ ಬಂದರೆ ಒಳಹೊಕ್ಕು ನೋಡಿ ಬನ್ನಿ.