ನಕ್ಷೆ ಬೂದಿಯಾದರೂ ಮರಳಿ ಬಂದ ಯಂತ್ರ: ಟಾಮಿ ಫ್ಲವರ್ಸ್ ಜೀವನಗಾಥೆ

ಸಾಗರ, ಹೊಸನಗರ, ತೀರ್ಥಹಳ್ಳಿ ಭಾಗದ ಹಿರಿಯರಿಗೆ ವಾಲ್ವ್ ರೇಡಿಯೊ ಹೊಸತಲ್ಲ. ಗುಂಡಿ ತಿರುಗಿಸಿದ ಮೇಲೆ ಒಳಗಿನ ಗಾಜಿನ ವಾಲ್ವ್‌ಗಳು ಕಾದು, ಆನಂತರವೇ ದನಿ ಹೊರಡುತ್ತಿತ್ತು. ಅಂತಹ ವಾಲ್ವ್‌ಗಳನ್ನೇ ಸಾವಿರಕ್ಕೂ ಮಿಕ್ಕಿ ಜೋಡಿಸಿ ಗಣಕಯಂತ್ರ ನಿರ್ಮಿಸಿದವರು ಇಂಗ್ಲೆಂಡಿನ ಟಾಮಿ ಫ್ಲವರ್ಸ್.

ಪೂರ್ವ ಲಂಡನ್ನಿನ ಪಾಪ್ಲರ್‌ನಲ್ಲಿ 1905ರ ಡಿಸೆಂಬರ್ 22ರಂದು ಗಾರೆ ಕೆಲಸಗಾರರೊಬ್ಬರ ಮಗನಾಗಿ ಜನಿಸಿದ ಫ್ಲವರ್ಸ್, ವೂಲ್ವಿಚ್‌ನ ಶಸ್ತ್ರಾಸ್ತ್ರ ಕಾರ್ಖಾನೆಯಲ್ಲಿ ಕೆಲಸ ಕಲಿಯುತ್ತಲೇ ಸಂಜೆ ತರಗತಿಗಳಲ್ಲಿ ಓದಿ ಎಂಜಿನಿಯರಿಂಗ್ ಪದವಿ ಪಡೆದರು. 1926ರಲ್ಲಿ ಅಂಚೆ ಇಲಾಖೆಯ ದೂರವಾಣಿ ವಿಭಾಗ ಸೇರಿ, 1930ರಲ್ಲಿ ಡಾಲಿಸ್ ಹಿಲ್ ಸಂಶೋಧನಾ ಕೇಂದ್ರಕ್ಕೆ ಬಂದರು. ಪದೇ ಪದೇ ಆರಿಸಿ ಹೊತ್ತಿಸುವುದರಿಂದಲೇ ವಾಲ್ವ್‌ಗಳು ಕೆಡುತ್ತವೆ, ಸದಾ ಉರಿಯುತ್ತಿದ್ದರೆ ಬಹುಕಾಲ ಬಾಳುತ್ತವೆ ಎಂಬ ಅರಿವು ಅವರಿಗೆ ದೂರವಾಣಿ ಕೆಲಸದಲ್ಲೇ ದೊರೆಯಿತು.

ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸೇನಾಧಿಕಾರಿಗಳ ಲೊರೆನ್ಜ್ ಗೂಢಲಿಪಿಯನ್ನು ಭೇದಿಸಲು 1943ರಲ್ಲಿ ಅವರು ವಾಲ್ವ್ ಯಂತ್ರದ ಯೋಜನೆ ಮುಂದಿಟ್ಟರು. ಅಷ್ಟೊಂದು ವಾಲ್ವ್‌ಗಳು ಒಟ್ಟಿಗೆ ಕೆಲಸ ಮಾಡಲಾರವೆಂದು ಬ್ಲೆಚ್ಲಿ ಪಾರ್ಕಿನ ಹಲವರು ಶಂಕಿಸಿದರು. ಫ್ಲವರ್ಸ್ ಎದೆಗುಂದಲಿಲ್ಲ, ಸ್ವಂತ ಹಣವನ್ನೂ ಸುರಿದು, ಸಹೋದ್ಯೋಗಿಗಳೊಡನೆ ಸುಮಾರು 1,600 ವಾಲ್ವ್‌ಗಳ ಕೊಲೊಸಸ್ ಯಂತ್ರವನ್ನು ಸಿದ್ಧಪಡಿಸಿದರು. 1944ರ ಫೆಬ್ರವರಿಯಲ್ಲಿ ಕಾರ್ಯಾರಂಭಿಸಿದ ಅದು ಕಾಗದದ ಪಟ್ಟಿಯಿಂದ ಸೆಕೆಂಡಿಗೆ 5,000 ಅಕ್ಷರಗಳನ್ನು ಓದುತ್ತಿತ್ತು. 2,400 ವಾಲ್ವ್‌ಗಳ ಸುಧಾರಿತ ಯಂತ್ರವು ನಾರ್ಮಂಡಿ ಆಕ್ರಮಣಕ್ಕೆ ಐದು ದಿನ ಮೊದಲು, ಜೂನ್ 1ರಂದು ಚಾಲನೆಗೊಂಡಿತು.

ಯುದ್ಧಾಂತ್ಯಕ್ಕೆ ಅಂತಹ ಹತ್ತು ಯಂತ್ರಗಳಿದ್ದವು. ಹೆಚ್ಚಿನವನ್ನು ಬಿಚ್ಚಿಹಾಕಲಾಯಿತು. ಆಜ್ಞೆಯಂತೆ ಫ್ಲವರ್ಸ್ ತಮ್ಮ ಕೈಯಾರೆ ನಕ್ಷೆಗಳನ್ನು ಕುಲುಮೆಗೆ ಹಾಕಿದರು. ಸರ್ಕಾರ ನೀಡಿದ 1,000 ಪೌಂಡ್ ಅವರು ಹೂಡಿದ ಹಣಕ್ಕೂ ಸಾಲಲಿಲ್ಲ. ಮುಂದೆ ಇಂತಹುದೇ ಯಂತ್ರ ನಿರ್ಮಿಸಲು ಸಾಲ ಕೇಳಿದಾಗ, ಅದು ಅಸಾಧ್ಯವೆಂದು ಬ್ಯಾಂಕು ನಿರಾಕರಿಸಿತು. ಈಗಾಗಲೇ ನಿರ್ಮಿಸಿದ್ದೇನೆಂದು ಹೇಳಲು ಗೋಪ್ಯತೆಯ ಕಟ್ಟಳೆ ಬಿಡಲಿಲ್ಲ. 1970ರ ದಶಕದವರೆಗೂ ಅವರ ಸಾಧನೆ ಲೋಕಕ್ಕೆ ತಿಳಿಯಲಿಲ್ಲ.

1993ರಲ್ಲಿ ಟೋನಿ ಸೇಲ್ ಎಂಬ ಎಂಜಿನಿಯರ್ ಕೊಲೊಸಸ್‌ನ ಪ್ರತಿಕೃತಿ ನಿರ್ಮಾಣಕ್ಕೆ ಕೈಹಾಕಿದರು. 1945ರ ಕೆಲವು ಛಾಯಾಚಿತ್ರಗಳು, ಹಳೆಯ ಎಂಜಿನಿಯರುಗಳು ಗುಟ್ಟಾಗಿ ಉಳಿಸಿಕೊಂಡಿದ್ದ ನಕ್ಷೆಯ ಚೂರುಗಳು ಹಾಗೂ ಅವರ ನೆನಪುಗಳೇ ಆಧಾರ. ಕಳಚಿಹಾಕಿದ ದೂರವಾಣಿ ವಿನಿಮಯ ಕೇಂದ್ರಗಳ ಬಿಡಿಭಾಗಗಳು ನೆರವಿಗೆ ಬಂದವು. 1996ರಲ್ಲಿ ಯಂತ್ರಕ್ಕೆ ಚಾಲನೆ ದೊರೆತಾಗ ತೊಂಬತ್ತರ ಫ್ಲವರ್ಸ್ ಸ್ವತಃ ಉಪಸ್ಥಿತರಿದ್ದರು. 1998ರ ಅಕ್ಟೋಬರ್ 28ರಂದು ಅವರು ನಿಧನರಾದರು.

2007ರಲ್ಲಿ ಪೂರ್ಣಗೊಂಡ ಪ್ರತಿಕೃತಿ, ಬ್ಲೆಚ್ಲಿಯ ರಾಷ್ಟ್ರೀಯ ಗಣಕ ವಸ್ತುಸಂಗ್ರಹಾಲಯದಲ್ಲಿ, ಹಿಂದೆ ಒಂಬತ್ತನೆಯ ಕೊಲೊಸಸ್ ನಿಂತಿದ್ದ ಸ್ಥಳದಲ್ಲೇ ಇದೆ. ಒಬ್ಬರು ಆಜ್ಞೆಗೆ ತಲೆಬಾಗಿ ಸುಟ್ಟದ್ದನ್ನು, ಇತರರು ಆಜ್ಞೆ ಮೀರಿ ಉಳಿಸಿದ ಚೂರುಗಳೇ ಮರಳಿ ತಂದುಕೊಟ್ಟವು.