ಮುಖದ ಸೀಳಿಗೆ ನಂಬರು ಕೊಟ್ಟ ಡಾಕ್ಟರು



ನಮ್ಮ ಚಿಕ್ಕಮ್ಮನ ಪಾಪುವಿಗೆ ಹುಟ್ಟಿನಿಂದಲೇ ಮುಖದಲ್ಲಿ ಸೀಳು ಇದೆ. ಮೇಲ್ದುಟಿಯಿಂದ ಹೊರಟು ಮೂಗಿನ ಪಕ್ಕದಲ್ಲಿ ಹಾದು ಕಣ್ಣಿನ ಕೆಳರೆಪ್ಪೆಯವರೆಗೆ ಹೋಗಿದೆ. ಗ್ರಹಣದ ದಿನ ಚಿಕ್ಕಮ್ಮ ತರಕಾರಿ ಹೆಚ್ಚಿದ್ದಕ್ಕೇ ಹೀಗಾಯ್ತು ಅಂತ ಅಜ್ಜಿ ಹೇಳ್ತಾರೆ. ಚಿಕ್ಕಮ್ಮ ಅಳ್ತಾರೆ. ಆಸ್ಪತ್ರೆಯ ಚೀಟಿಯಲ್ಲಿ ಟೆಸಿಯೆ 4 ಅಂತ ಬರೆದಿತ್ತು. ಔಷಧದ ಹೆಸರು ಇರಬೇಕು ಅಂದುಕೊಂಡೆ. ಅದು ಒಬ್ಬ ಡಾಕ್ಟರ ಹೆಸರಂತೆ! ವಿಜ್ಞಾನದ ಮೇಷ್ಟ್ರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಪಾಲ್ ಟೆಸಿಯೆ 1917ರಲ್ಲಿ ಫ್ರಾನ್ಸ್ ದೇಶದ ನಾಂತ್ ಪಟ್ಟಣದ ಹತ್ತಿರ ಎರಿಕ್ ಎಂಬ ಊರಿನಲ್ಲಿ ಜನಿಸಿದರು. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಕೈಗೆ ಸೆರೆ ಸಿಕ್ಕಿ, ಕಾಯಿಲೆ ಬಿದ್ದು, ಹೇಗೋ ಬದುಕಿ ಬಂದರು. 1943ರಲ್ಲಿ ನಾಂತ್ ಆಸ್ಪತ್ರೆಯ ಮೇಲೆ ಬಾಂಬು ಬಿತ್ತು. ಆಮೇಲೆ ಪ್ಯಾರಿಸ್ ಸೇರಿದರು.

ಆಗೆಲ್ಲ ಮುಖದ ಮೂಳೆಯೇ ತಪ್ಪಾಗಿ ಬೆಳೆದಿದ್ದರೂ ಹೆಚ್ಚಿನ ಡಾಕ್ಟರುಗಳು ಮೇಲಿನ ಚರ್ಮವನ್ನಷ್ಟೇ ಹೊಲಿಯುತ್ತಿದ್ದರು. ಬಿರುಕು ಬಿಟ್ಟ ಗೋಡೆಗೆ ಬರೀ ಸುಣ್ಣ ಬಳಿದ ಹಾಗೆ. ಮೊದಲು ಮೂಳೆಯನ್ನೇ ಸರಿಮಾಡಬೇಕು ಅಂತ ಟೆಸಿಯೆ ನಿಶ್ಚಯಿಸಿದರು. ಹೆಣಗಳ ಮೇಲೆ ಕಲಿಯಲು ಪ್ಯಾರಿಸ್‌ನಲ್ಲಿ ಅವಕಾಶ ಸಿಗಲಿಲ್ಲ. ಅದಕ್ಕೆ ಸಂಜೆ ರೈಲು ಹತ್ತಿ ನಾಂತ್‌ಗೆ ಹೋಗಿ ಅಭ್ಯಾಸ ಮಾಡಿ ವಾಪಸ್ ಬರುತ್ತಿದ್ದರು. ನನಗಾದರೆ ಹೆಣ ಅಂದರೇ ಭಯ.

ಕೆಲವು ಮಕ್ಕಳಿಗೆ ಎರಡು ಕಣ್ಣುಗಳು ತುಂಬಾ ದೂರ ದೂರ ಇರ್ತವೆ. ಅದನ್ನು ಸರಿಮಾಡಲು ತಲೆಬುರುಡೆಯನ್ನೇ ತೆರೆಯಬೇಕು. ಮೂಗಿನ ಕ್ರಿಮಿಗಳು ಮಿದುಳಿಗೆ ಹತ್ತಿದರೆ ಮಗು ಉಳಿಯುವುದೇ ಕಷ್ಟ. ಮಿದುಳಿನ ಡಾಕ್ಟರು ಗಿಯೊ ಅವರ ಜೊತೆ ಸೇರಿ 1960ರ ದಶಕದಲ್ಲಿ ಟೆಸಿಯೆ ಈ ಆಪರೇಷನ್ ಮಾಡಿದರು. ನಡುವಿನ ಮೂಳೆ ತೆಗೆದು, ಕಣ್ಣುಗೂಡುಗಳನ್ನು ಕತ್ತರಿಸಿ ಹತ್ತಿರ ತಂದರು. ದೃಷ್ಟಿ ಉಳಿಯಿತು! 1967ರಲ್ಲಿ ರೋಮ್ ನಗರದ ಸಮ್ಮೇಳನದಲ್ಲಿ ಇದನ್ನು ತೋರಿಸಿದಾಗ ದೊಡ್ಡ ದೊಡ್ಡ ಡಾಕ್ಟರುಗಳೇ ಬೆರಗಾದರಂತೆ.

ಈಗ ನಂಬರಿನ ವಿಷಯ. 1976ರಲ್ಲಿ ಅವರು ಮುಖದ ಅಪರೂಪದ ಸೀಳುಗಳಿಗೆ 0ಯಿಂದ 14ರವರೆಗೆ ನಂಬರು ಕೊಟ್ಟರು. ಸೈಕಲ್ ಚಕ್ರ ನೆನೆಸಿಕೊಳ್ಳಿ. ಕಣ್ಣುಗೂಡು ಅದರ ಗುಂಬ, ಸೀಳುಗಳು ಕಡ್ಡಿಗಳು. ನಂಬರು ಹೇಳಿದರೆ ಸಾಕು, ಚರ್ಮದ ಕೆಳಗೆ ಮೂಳೆ ಎಲ್ಲಿ ಸೀಳಿದೆ ಅಂತ ಯಾವ ದೇಶದ ಡಾಕ್ಟರಿಗೂ ತಿಳಿಯುತ್ತೆ. ಟೆಸಿಯೆ 2008ರಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು. ಆಗ ನಾನಿನ್ನೂ ಹುಟ್ಟಿರಲಿಲ್ಲ.

ಹೊಟ್ಟೆಯೊಳಗೆ ಮಗುವಿನ ಮುಖ ಕೂಡಿಕೊಳ್ಳುವುದು ಮೊದಲ ಎರಡು ತಿಂಗಳಲ್ಲೇ ಅಂತ ಮೇಷ್ಟ್ರು ಹೇಳಿದರು. ಗ್ರಹಣ ಬಂದಾಗ ಚಿಕ್ಕಮ್ಮನಿಗೆ ಏಳು ತಿಂಗಳು. ಬೆರಳಲ್ಲಿ ಎಣಿಸಿ ಅಜ್ಜಿಗೆ ತೋರಿಸಿದೆ. ಅಜ್ಜಿ ಏನೂ ಮಾತಾಡದೆ ಪಾಪುವನ್ನು ಎತ್ತಿಕೊಂಡು ಜಗಲಿಗೆ ಹೋದರು. ಆಪರೇಷನ್ ದಸರಾ ರಜೆಯಲ್ಲಿ. ನಾನೂ ಜೊತೆಗೆ ಹೋಗ್ತೀನಿ.